ನಮ್ಮ ಗುಂಡಿ, ನೆರೆಯವರ ಬಾವಿ

(ತುಮಕೂರಿನ ಶಿರಾ ಗೇಟ್‌ನಲ್ಲಿ ನಡೆದ ನಿವಾಸಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ಸಭೆಯ ವಿಷಯವನ್ನು ತಿಳಿಸಿದಾಗ ನಮ್ಮವರಲ್ಲೇ ಕೆಲವರು ನಕ್ಕರು. ಸಮುದಾಯದ ಸಭೆ ಎಂದರೆ ಶಿಕ್ಷಣದ ಬಗ್ಗೆ, ವರದಕ್ಷಿಣೆಯ ಬಗ್ಗೆ, ಹೆಚ್ಚೆಂದರೆ ಮೀಸಲಾತಿಯ ಬಗ್ಗೆ ಮಾತಾಡುವುದು ರೂಢಿ. ಕಕ್ಕಸು ಗುಂಡಿಯ ಬಗ್ಗೆಯೂ ಒಂದು ಭಾಷಣವೇ ಎಂದು ಕೇಳಿದರು. ನಗುವವರು ನಗಲಿ. ಆದರೆ ಮಳೆಗಾಲದ ಒಂದು ರಾತ್ರಿ ಬಚ್ಚಲಿನ ತೂತಿನಿಂದ ಗುಳುಗುಳು ಸದ್ದು ಬಂದು, ಹೊರಗೆ ಹೋಗಬೇಕಾದ ನೀರು ಒಳಗೆ ಬರತೊಡಗಿದಾಗ ಆ ಮನೆಯ ಹೆಂಗಸು ಅನುಭವಿಸುವ ಅಸಹಾಯಕತೆಯನ್ನು ಕಂಡವರು ನಗಲಾರರು. ಈ ಸಭೆಗೆ ಪುರುಷರಿಗಿಂತ ಮಹಿಳೆಯರು ಹೆಚ್ಚು ಬಂದಿರುವುದು ಸುಮ್ಮನೆ ಅಲ್ಲ.

ನಾವು ಶಿರಾ ಗೇಟ್‌ನವರು. ನಮ್ಮ ಪಕ್ಕದಲ್ಲಿ ಅಮಾನಿಕೆರೆ ಇದೆ. ಕೆರೆ ಇರುವ ಊರಿನಲ್ಲಿ ಕೆರೆಯ ಕೆಳಗಿನ ಭೂಮಿ ಎಂತಹದ್ದೆಂದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಅಂತಹ ಜಾಗದಲ್ಲಿ ಅವರು ಭತ್ತ ಬೆಳೆದರು, ತೆಂಗು ಅಡಿಕೆ ಹಾಕಿದರು, ಮನೆಯನ್ನು ಮಾತ್ರ ದಿಣ್ಣೆಯ ಮೇಲೆ ಕಟ್ಟಿದರು. ಏಕೆಂದರೆ ಕೆರೆ ತುಂಬಿದ ವರ್ಷ ತಗ್ಗಿನ ಬಾವಿಗಳಲ್ಲಿ ನೀರು ಕೈಗೆಟುಕುವಷ್ಟು ಮೇಲೆ ಬರುತ್ತಿತ್ತು. 2022ರ ಮಳೆಗಾಲವನ್ನು ನೆನಪಿಸಿಕೊಳ್ಳಿ. ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಬರದ ನಾಡಿನ ಜನ ಕೋಡಿಯ ನೀರು ನೋಡಲು ಮಕ್ಕಳನ್ನು ಕರೆದುಕೊಂಡು ಹೋದರು, ಬಾಗಿನ ಅರ್ಪಿಸಿದರು. ಅದು ಸಂತೋಷದ ಸಂಗತಿಯೇ. ಆದರೆ ಮೇಲೆ ಕೆರೆಯಲ್ಲಿ ತುಂಬಿದ ನೀರು ನೆಲದೊಳಗೂ ತುಂಬಿತು. ಆ ನೆಲದೊಳಗೆ ಈಗ ಭತ್ತದ ಬೇರುಗಳಿಲ್ಲ. ಅಲ್ಲಿ ನಮ್ಮ ಗುಂಡಿಗಳಿವೆ.

ಒಂದು ಜಗಳದ ಕಥೆ ಹೇಳುತ್ತೇವೆ. ಊರು, ಹೆಸರು ಬೇಡ. ತಗ್ಗಿನ ಒಂದು ಗಲ್ಲಿಯಲ್ಲಿ ಇಬ್ಬರು ನೆರೆಹೊರೆಯವರು. ಒಂದೇ ಮಸೀದಿಯಲ್ಲಿ, ಬಹುಪಾಲು ಒಂದೇ ಸಾಲಿನಲ್ಲಿ ನಮಾಝಿಗೆ ನಿಲ್ಲುವವರು. ಒಬ್ಬರು ಮನೆಯ ಮೇಲೆ ಎರಡು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಐದು ಜನರಿಗೆಂದು ತೋಡಿದ್ದ ಗುಂಡಿಗೆ ಇಪ್ಪತ್ತು ಜನರ ನೀರು ಬಿತ್ತು. ಮಳೆಗಾಲ ಬಂದಾಗ ಪಕ್ಕದ ಮನೆಯ ಬಾವಿಯ ನೀರು ವಾಸನೆ ಹೊಡೆಯಿತು. ಆ ಮನೆಯ ಮಗುವಿಗೆ ಕಾಮಾಲೆಯಾಯಿತು. ಪಂಚಾಯಿತಿಗೆ ಕುಳಿತವರಲ್ಲಿ ನಾವೂ ಇದ್ದೆವು. ಬಾವಿಯವರು ಅತ್ತರು. ಗುಂಡಿಯವರು ತಮ್ಮ ಸೈಟಿನ ಪತ್ರ ತಂದು ಹರಡಿದರು. "ಭಾಯ್, ನನ್ನ ಗುಂಡಿ ನನ್ನ ಜಾಗದಲ್ಲಿದೆ. ಒಂದು ಇಂಚು ಅವರ ಕಡೆಗೆ ಹೋಗಿದ್ದರೆ ತೋರಿಸಿ" ಎಂದರು. ನಾವು ಟೇಪು ಹಿಡಿದು ಅಳೆದೆವು. ಅವರು ಹೇಳಿದ್ದು ನಿಜವಾಗಿತ್ತು. ಗುಂಡಿ ಅವರ ಜಾಗದಲ್ಲೇ ಇತ್ತು. ಅಳತೆ ಮುಗಿದ ಮೇಲೆ ಏನು ಹೇಳಬೇಕೆಂದು ನಮಗೆ ತಿಳಿಯಲಿಲ್ಲ. ಸಲಾಂ ಹೇಳಿ ಎದ್ದು ಬಂದೆವು. ಆ ಇಬ್ಬರು ಈಗ ಪರಸ್ಪರ ಮಾತಾಡುವುದಿಲ್ಲ.

ಆ ದಿನ ನಮಗೆ ತಿಳಿಯದೇ ಹೋದದ್ದನ್ನು ಇಂದು ನಿಮ್ಮ ಮುಂದಿಡುವುದಷ್ಟೇ ಈ ಭಾಷಣದ ಉದ್ದೇಶ.

ಮೊದಲಿಗೆ, ನಾವು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದು ಹೆಚ್ಚಿನ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕೇ ಅಲ್ಲ. ಹತ್ತು ಹನ್ನೆರಡು ಅಡಿ ತೋಡಿ, ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ತಳವನ್ನು ಹಾಗೆಯೇ ಬಿಟ್ಟು ಮೇಲೆ ಚಪ್ಪಡಿ ಮುಚ್ಚಿದರೆ ಅದು ಬರೀ ಗುಂಡಿ. ನಿಜವಾದ ಸೆಪ್ಟಿಕ್ ಟ್ಯಾಂಕ್ ನೀರು ಸೋರದ ತೊಟ್ಟಿ. ಅದರಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಹೋಗುತ್ತದೆ. ಈ ಹೊರಹೋಗುವ ನೀರು ಶುದ್ಧವೆಂದು ಬಹಳ ಜನ ನಂಬಿದ್ದಾರೆ. ಅದು ಶುದ್ಧವಲ್ಲ. ಕಾಲರಾ, ಟೈಫಾಯ್ಡ್, ಕಾಮಾಲೆಯ ರೋಗಾಣುಗಳು ಅದರಲ್ಲಿ ಇರಬಲ್ಲವು. ಅದನ್ನು ಶುದ್ಧಗೊಳಿಸುವುದು ಟ್ಯಾಂಕಲ್ಲ, ಮಣ್ಣು. ಇಂಗುಗುಂಡಿಯಿಂದಲೋ ಜಲ್ಲಿ ತುಂಬಿದ ಕಾಲುವೆಯಿಂದಲೋ ಆ ನೀರು ಒಣ ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವಾಗ, ಮಣ್ಣಿನ ಕಣಗಳ ನಡುವಿನ ಗಾಳಿ ಮತ್ತು ಅಲ್ಲಿ ಬದುಕುವ ಸೂಕ್ಷ್ಮಜೀವಿಗಳು ತಮ್ಮ ಕೆಲಸ ಮಾಡುತ್ತವೆ. ಅಂದರೆ ಈ ಇಡೀ ವ್ಯವಸ್ಥೆ ನಿಂತಿರುವುದು ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಇರಬೇಕಾದ ಒಂದಷ್ಟು ಒಣ ಮಣ್ಣಿನ ಮೇಲೆ. ಅಂತರ್ಜಲ ಮೇಲೆದ್ದು ಆ ಒಣ ಮಣ್ಣು ಮುಳುಗಿತೋ, ಗುಂಡಿಯ ನೀರು ಸೋಸಲ್ಪಡದೆ ನೇರವಾಗಿ ಭೂಮಿಯ ನೀರಿಗೆ ಸೇರುತ್ತದೆ. ಇನ್ನೂ ಮೇಲೆದ್ದರೆ ಇಳಿಯಲು ಎಡೆಯಿಲ್ಲದೆ ಮನೆಯೊಳಗೆ ಮರಳುತ್ತದೆ. ವಾಸನೆ ಬಂದಾಗ ನಾವು ಗುಂಡಿ ತುಂಬಿತು ಎನ್ನುತ್ತೇವೆ. ಯಂತ್ರ ಕರೆಸಿ ಖಾಲಿ ಮಾಡಿಸುತ್ತೇವೆ. ಮೂರು ದಿನದಲ್ಲಿ ಮತ್ತೆ ತುಂಬುತ್ತದೆ. ಯಂತ್ರದವನು ಮೋಸ ಮಾಡಿದ ಎಂದು ಅವನನ್ನು ಬೈಯುತ್ತೇವೆ. ಪಾಪ, ಅವನ ತಪ್ಪೇನೂ ಇಲ್ಲ. ತಳವಿಲ್ಲದ ಗುಂಡಿಗೆ ಸುತ್ತಲಿನ ನೆಲದ ನೀರೇ ನುಗ್ಗಿ ಬಂದಿರುತ್ತದೆ.

ಇದಕ್ಕೆ ಸರಕಾರದ ನಿಯಮವಿಲ್ಲವೇ ಎಂದು ಕೇಳಬಹುದು. ಇದೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಎಂಬ ಸಂಹಿತೆ ಇದೇ ವಿಷಯಕ್ಕೆ ಸಂಬಂಧಿಸಿದ್ದು. ಅಂತರ್ಜಲ ನೆಲಮಟ್ಟದಿಂದ 1.8 ಮೀಟರಿನೊಳಗೆ, ಅಂದರೆ ಸುಮಾರು ಆರು ಅಡಿಯೊಳಗೆ ಇರುವಲ್ಲಿ ಮಾಮೂಲಿ ಇಂಗುಗುಂಡಿ ಸಲ್ಲದು, ನೆಲದ ಮೇಲೆ ಮಣ್ಣಿನ ದಿಬ್ಬ ಏರಿಸಿ ಅದರಲ್ಲಿ ನೀರು ಹರಡಬೇಕು ಎಂಬುದು ಅದರ ನಿಲುವು. ಇಂಗಿಸುವ ಜಾಗ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು, ವಾಸದ ಕಟ್ಟಡದಿಂದ ಕನಿಷ್ಠ 6 ಮೀಟರ್ ದೂರವಿರಬೇಕು ಎಂದೂ ಅದು ಹೇಳುತ್ತದೆ. ಈಗ ಸ್ವಲ್ಪ ಲೆಕ್ಕ ಹಾಕೋಣ. 18 ಮೀಟರ್ ಎಂದರೆ ಸುಮಾರು 59 ಅಡಿ. ನಮ್ಮಲ್ಲಿ ಅನುಕೂಲಸ್ಥರ ಸೈಟು 30-40. ಅದರ ಮೂಲೆಯಿಂದ ಮೂಲೆಗೆ ದಾರ ಎಳೆದು ಅಳೆದರೂ ಸಿಗುವುದು 50 ಅಡಿ ಮಾತ್ರ. 20-30ರ ಸೈಟಿನವರ ಮಾತೇ ಬೇಡ. ಅಂದರೆ ನಮ್ಮ ಸೈಟಿನ ಯಾವ ಮೂಲೆಯಲ್ಲಿ ಗುಂಡಿ ತೋಡಿದರೂ ಅದರ ಪ್ರಭಾವದ ವರ್ತುಲ ನಮ್ಮ ಕಾಂಪೌಂಡಿನೊಳಗೆ ಮುಗಿಯುವುದಿಲ್ಲ. ಅದು ಪಕ್ಕದ ಮನೆಯನ್ನು, ಹಿಂದಿನ ಮನೆಯನ್ನು, ರಸ್ತೆಯಾಚೆಯ ಮನೆಯನ್ನು ತಲುಪಿಯೇ ತಲುಪುತ್ತದೆ. ಆ ಜಗಳದ ದಿನ ನಾವು ಟೇಪು ಹಿಡಿದು ಅಳೆದದ್ದು ತಪ್ಪು ಅಳತೆಯಾಗಿತ್ತು. ಗುಂಡಿ ಎಲ್ಲಿದೆ ಎಂಬುದನ್ನು ಅಳೆದೆವು. ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಳೆಯಲಿಲ್ಲ.

ಒಬ್ಬ ಮನುಷ್ಯ ದಿನಕ್ಕೆ 100 ಲೀಟರ್ ನೀರು ಬಳಸುತ್ತಾನೆಂದು ಇಟ್ಟುಕೊಂಡರೆ ಐದು ಜನರ ಒಂದು ಮನೆಯಿಂದ 500 ಲೀಟರ್. ನೂರು ಮನೆಗಳ ಒಂದು ಮೊಹಲ್ಲಾದಿಂದ ದಿನಕ್ಕೆ 50 ಸಾವಿರ ಲೀಟರ್. ಈ ನೀರೆಲ್ಲ ಇಂಗಿ ಹೋಯಿತು ಎಂದು ನಾವು ಹೇಳುತ್ತೇವೆ. ಎಲ್ಲಿಗೆ ಹೋಯಿತು?

ನಮ್ಮ ಸಮಸ್ಯೆ ನಮ್ಮದೊಂದೇ ಅಲ್ಲ ಎಂಬುದನ್ನು ತಿಳಿಯಲು ಘಟ್ಟ ಇಳಿದು ಕರಾವಳಿಗೆ ಹೋಗಬೇಕು. ಮಂಗಳೂರಿನ ಬೆಂಗ್ರೆಯನ್ನು ನೋಡಿದವರು ನಿಮ್ಮಲ್ಲಿರಬಹುದು. ಒಂದು ಬದಿಗೆ ಫಲ್ಗುಣಿ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಕಸಬಾ ಬೆಂಗ್ರೆಯಲ್ಲಿ ಹೆಚ್ಚಾಗಿ ಮುಸ್ಲಿಮರು, ತೋಟ ಬೆಂಗ್ರೆಯಲ್ಲಿ ಹೆಚ್ಚಾಗಿ ಮೊಗವೀರರು. ಅಂತಹ ಮರಳಿನಲ್ಲಿ ಸ್ವಲ್ಪ ತೋಡಿದರೂ ನೀರು ಸಿಗುತ್ತದೆ. ಹಾಗಾಗಿ ಬಾವಿ ಸುಲಭ, ಗುಂಡಿ ಕಷ್ಟ. ಉಳ್ಳಾಲದಿಂದ ಭಟ್ಕಳದವರೆಗೆ ತಗ್ಗಿನ ವಸತಿಗಳ ಕಥೆ ಹೆಚ್ಚು ಕಡಿಮೆ ಇದೇ. ಅಲ್ಲಿ ಮನೆಗೊಂದು ಬಾವಿ ಇರುವುದು ಸಂಪ್ರದಾಯ. ಮನೆಗೊಂದು ಗುಂಡಿ ಬಂದಿದ್ದು ಆಮೇಲೆ. ಮುರಕಲ್ಲಿನ ಜಾಗಗಳಲ್ಲಂತೂ ಕಲ್ಲಿನೊಳಗೆ ಸಂದುಗಳೂ ಸುರಂಗದಂತಹ ಟೊಳ್ಳುಗಳೂ ಇರುತ್ತವೆ. ಗುಂಡಿಯ ನೀರು ಸೋಸಿಕೊಳ್ಳದೆ ಅವುಗಳ ಮೂಲಕ ಹರಿದು ದೂರದ ಬಾವಿಯಲ್ಲಿ ಕಾಣಿಸಿಕೊಳ್ಳಬಲ್ಲದು. ಸಮುದ್ರ ಉಬ್ಬಿದಾಗ ನದಿಯ ಬಾಯಿಯಲ್ಲಿ ನೀರು ನಿಲ್ಲುತ್ತದೆ, ನದಿಯ ನೀರು ನಿಂತಾಗ ನೆಲದ ನೀರೂ ಮೇಲೇಳುತ್ತದೆ. ನಮಗೆ ಕೆರೆ ಏನೋ ಅವರಿಗೆ ಕಡಲು ಅದೇ.

ಬಡವರ ಊರುಗಳಲ್ಲಿ ಮಾತ್ರ ಹೀಗೆ ಎಂದು ಭಾವಿಸಬೇಡಿ. ಅಮೆರಿಕದ ಫ್ಲಾರಿಡಾದಲ್ಲಿರುವ ಮಯಾಮಿ-ಡೇಡ್ ಎಂಬ ಸಿರಿವಂತ ಕರಾವಳಿ ಜಿಲ್ಲೆಯ ಆಡಳಿತ 2018ರಲ್ಲಿ ಒಂದು ವರದಿ ಪ್ರಕಟಿಸಿತು. ಅಲ್ಲಿನ ಮನೆಗಳ ಸೆಪ್ಟಿಕ್ ವ್ಯವಸ್ಥೆಗಳಲ್ಲಿ ಶೇ. 56ರಷ್ಟು, ಅಂದರೆ 58 ಸಾವಿರಕ್ಕೂ ಹೆಚ್ಚು, ಬಿರುಮಳೆಯಲ್ಲಿ ಅಥವಾ ಹೆಚ್ಚು ಮಳೆಯಾದ ವರ್ಷಗಳಲ್ಲಿ ಸರಿಯಾಗಿ ಕೆಲಸ ಮಾಡಲಾರವು, ಸಮುದ್ರ ಏರುತ್ತಿರುವುದರಿಂದ 2040ರ ವೇಳೆಗೆ ಈ ಪ್ರಮಾಣ ಶೇ. 64 ಆಗಬಹುದು ಎಂದು ಅದರಲ್ಲಿತ್ತು. ಕಾರಣ ನಾವು ಈಗ ತಾನೇ ಹೇಳಿದ್ದೇ. ಗುಂಡಿಯ ಕೆಳಗಿನ ಒಣ ಮಣ್ಣು ಮುಳುಗುತ್ತಿದೆ. ಡಾಲರು ಇದ್ದಲ್ಲಿಯೂ ನೀರು ಮೇಲೆ ಹತ್ತುವುದಿಲ್ಲ. ವ್ಯತ್ಯಾಸವೆಂದರೆ, ಅಲ್ಲಿನ ಆಡಳಿತ ಯಾವ ಬಡಾವಣೆಯ ಎಷ್ಟು ಗುಂಡಿಗಳು ಅಪಾಯದಲ್ಲಿವೆ ಎಂದು ಎಣಿಸಿ ಜನರ ಮುಂದೆ ಇಟ್ಟಿತು.

ಇನ್ನೊಂದು ಮಾತು. ನಮ್ಮ ಫಿಕ್‌ಹ್ ಗ್ರಂಥಗಳು ನಮಾಝಿಗಿಂತ ಮೊದಲು ಶುಚಿತ್ವದ ಅಧ್ಯಾಯದಿಂದ ಆರಂಭವಾಗುತ್ತವೆ ಎಂಬುದು ಮದ್ರಸಾದಲ್ಲಿ ಓದಿದ ಎಲ್ಲರಿಗೂ ಗೊತ್ತು. ಬಾವಿಗೆ ಏನು ಬಿದ್ದರೆ ಎಷ್ಟು ಬಕೆಟ್ ನೀರು ತೆಗೆಯಬೇಕು ಎಂಬ ಮಸ್‌ಅಲಾಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಚರ್ಚೆಯಿದೆ, ಅದರ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ. ಬಾವಿಯ ಸಮೀಪ ಹೊಲಸು ಗುಂಡಿ ಇದ್ದರೆ ಬಾವಿಯ ನೀರಿನ ಸ್ಥಿತಿ ಏನು? ಎಷ್ಟು ದೂರ ಇರಬೇಕು? ಕೆಲವು ಹನಫಿ ವಿದ್ವಾಂಸರು ಐದು ಮೊಳ ಎಂದರು, ಕೆಲವರು ಏಳು ಮೊಳ ಎಂದರು. 17ನೇ ಶತಮಾನದಲ್ಲಿ ಔರಂಗಝೇಬನ ಆಜ್ಞೆಯಂತೆ ಸಂಕಲಿತವಾದ ಫತಾವಾ ಆಲಂಗೀರಿ ಈ ಪ್ರಶ್ನೆಗೆ ಬಂದಾಗ, ಇದನ್ನು ಮೊಳದಲ್ಲಿ ನಿಗದಿ ಮಾಡಲಾಗದು ಎಂಬ ನಿಲುವನ್ನು ತಾಳುತ್ತದೆ. ನೀರಿನ ರುಚಿ, ಬಣ್ಣ, ವಾಸನೆ ಬದಲಾಗಿದೆಯೇ ಎಂದು ನೋಡಬೇಕು. ನೆಲ ಗಟ್ಟಿಯಿದ್ದರೆ ಒಂದು ಬಗೆ, ಮೆದುವಿದ್ದರೆ ಇನ್ನೊಂದು ಬಗೆ ಎಂಬುದು ಫುಕಹಾಗಳ ವಿವರಣೆ. ಮುನ್ನೂರು ವರ್ಷಕ್ಕೂ ಹಿಂದಿನ ಆ ವಿದ್ವಾಂಸರು ಮಣ್ಣಿನ ಗುಣವನ್ನು ಗಮನಿಸಿದ್ದರು. ನಮ್ಮ ಬಡಾವಣೆಗಳ ನಕ್ಷೆ ಬರೆದವರಲ್ಲಿ ಎಷ್ಟು ಜನ ಗಮನಿಸಿದ್ದಾರೆ?

ಆದರೆ ಒಂದು ವಿಷಯದಲ್ಲಿ ಇಂದಿನ ತಿಳಿವಳಿಕೆ ಮುಂದೆ ಹೋಗಿದೆ, ಅದನ್ನು ಮುಚ್ಚಿಡಬಾರದು. ರುಚಿ, ಬಣ್ಣ, ವಾಸನೆ ಒಂದೂ ಬದಲಾಗದ ನೀರಿನಲ್ಲಿಯೂ ರೋಗಾಣುಗಳಿರುತ್ತವೆ. ಇದು ಜಗತ್ತಿಗೆ ಮನದಟ್ಟಾಗಲು ಲಂಡನ್ನಿನ ಒಂದು ಬೀದಿಯಲ್ಲಿ 600ಕ್ಕೂ ಹೆಚ್ಚು ಜನ ಸಾಯಬೇಕಾಯಿತು. 1854ರಲ್ಲಿ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹರಡಿದಾಗ ಡಾ. ಜಾನ್ ಸ್ನೋ ಅಲ್ಲಿನ ಕೈಪಂಪಿನ ಮೇಲೆ ಸಂಶಯಪಟ್ಟು ಅದರ ಹಿಡಿಯನ್ನು ತೆಗೆಸಿದ ಕಥೆ ಪ್ರಸಿದ್ಧ. ಆ ಪಂಪಿನ ನೀರು ಎಷ್ಟು ರುಚಿಯೆಂದರೆ, ದೂರದ ಬಡಾವಣೆಗೆ ವಾಸ ಬದಲಿಸಿದ ಒಬ್ಬ ವಿಧವೆ ಅದನ್ನೇ ತರಿಸಿಕೊಂಡು ಕುಡಿಯುತ್ತಿದ್ದರು. ಅವರೂ ಸತ್ತರು. ಕಥೆಯ ಉಳಿದರ್ಧ ಅಷ್ಟು ಪ್ರಸಿದ್ಧವಲ್ಲ. ಆ ಪ್ರದೇಶದ ಪಾದ್ರಿ ಹೆನ್ರಿ ವೈಟ್‌ಹೆಡ್‌ಗೆ ಡಾಕ್ಟರರ ವಾದದಲ್ಲಿ ನಂಬಿಕೆ ಇರಲಿಲ್ಲ. ಅದನ್ನು ಸುಳ್ಳೆಂದು ತೋರಿಸಲು ಮನೆ ಮನೆಗೆ ಹೋಗಿ ವಿಚಾರಿಸಿದರು. ಸತ್ತವರನ್ನು, ಬದುಕಿದವರನ್ನು, ಯಾರು ಯಾವ ನೀರು ಕುಡಿದರೆಂಬುದನ್ನು ಬರೆದುಕೊಂಡರು. ಕೊನೆಗೆ ಪಂಪಿನ ಎದುರೇ ಇದ್ದ ಮನೆಯಲ್ಲಿ ಭೇದಿಯಿಂದ ಸತ್ತ ಹಸುಗೂಸಿನ ಬಟ್ಟೆ ಒಗೆದ ನೀರನ್ನು ಆ ಮನೆಯ ಹೊಲಸು ಗುಂಡಿಗೆ ಸುರಿದದ್ದು ತಿಳಿಯಿತು. 1855ರಲ್ಲಿ ಅಗೆದು ನೋಡಿದಾಗ ಆ ಗುಂಡಿಗೂ ಪಂಪಿನ ಬಾವಿಗೂ ನಡುವೆ ಮೂರು ಅಡಿಯೂ ಇರಲಿಲ್ಲ, ಗುಂಡಿಯ ಇಟ್ಟಿಗೆ ಸವೆದು ಸೋರುತ್ತಿತ್ತು. ಡಾಕ್ಟರರನ್ನು ಸುಳ್ಳಾಗಿಸಲು ಹೊರಟ ಪಾದ್ರಿಯೇ ಅವರ ವಾದಕ್ಕೆ ಸಾಕ್ಷ್ಯ ಒದಗಿಸಿದರು. ಮೊಹಲ್ಲಾದ ಪ್ರತಿ ಮನೆಯ ಬಾಗಿಲು ತಟ್ಟಬಲ್ಲವರು ಪಾದ್ರಿಗಳು, ಖತೀಬರು, ಪೂಜಾರಿಗಳು. ನಗರ ಪಾಲಿಕೆಯ ನೌಕರನಿಗೆ ತೆರೆಯದ ಬಾಗಿಲು ಅವರಿಗೆ ತೆರೆಯುತ್ತದೆ. ನಮ್ಮ ಖತೀಬರು ಇದನ್ನು ಗಮನಿಸಬೇಕು.

ನಮ್ಮ ಮನೆಯಲ್ಲಿ ಬಾವಿಯೇ ಇಲ್ಲ, ನಾವು ನಲ್ಲಿಯ ನೀರು ಕುಡಿಯುವವರು, ನಮಗೇನು ಭಯ ಎಂದು ಹಿಂದೆ ಕುಳಿತವರು ಯೋಚಿಸುತ್ತಿರಬಹುದು. ಹೇಮಾವತಿಯ ನೀರು ಬುಗುಡನಹಳ್ಳಿಯಲ್ಲಿ ಶುದ್ಧವಾಗಿಯೇ ಹೊರಡುತ್ತದೆ ಎಂದುಕೊಳ್ಳೋಣ. ಆದರೆ ಇಪ್ಪತ್ತನಾಲ್ಕು ಗಂಟೆ ನೀರಿರದ ಪೈಪು ನೀರು ನಿಂತ ಕೂಡಲೇ ಖಾಲಿಯಾಗುತ್ತದೆ. ಆ ಪೈಪು ಮಲಗಿರುವುದು ಗುಂಡಿಯ ನೀರಿನಿಂದ ನೆನೆದ ಮಣ್ಣಿನಲ್ಲಿ. ಜೋಡಣೆಯಲ್ಲಿ ಸಣ್ಣ ಬಿರುಕಿದ್ದರೂ ಖಾಲಿ ಪೈಪು ಹೊರಗಿನ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಬಿಂದಿಗೆಗೆ ಬರುವುದು ಅದೇ. ಇನ್ನು ಬೋರ್‌ವೆಲ್ ಆಳವಾಗಿದೆ ಎಂಬ ಧೈರ್ಯ. ಮೇಲಿನ ಕೇಸಿಂಗ್ ಪೈಪಿನ ಸುತ್ತ ಸರಿಯಾಗಿ ಮುಚ್ಚದಿದ್ದರೆ ಅದರ ಪಕ್ಕದಿಂದಲೇ ಹೊಲಸು ಇಳಿಯುತ್ತದೆ. ಈ ಶಿರಾ ರಸ್ತೆಯಲ್ಲೇ ಮುಂದೆ ಹೋದರೆ ಚಿತ್ರದುರ್ಗ. 2023ರ ಆಗಸ್ಟಿನಲ್ಲಿ ಅಲ್ಲಿನ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ದಲಿತ ಕೇರಿಯ ಜನ ಸಾಲು ಸಾಲಾಗಿ ಆಸ್ಪತ್ರೆ ಸೇರಿದರು, ಕೆಲವರು ಮರಳಲಿಲ್ಲ. ಅಲ್ಲಿನ ಕಾರಣ ಬೇರೆಯಿರಬಹುದು. ಆದರೆ ನಲ್ಲಿಯಿಂದ ಬಂದದ್ದೆಲ್ಲ ಶುದ್ಧ ಎಂಬ ನಮ್ಮ ನಂಬಿಕೆ ಅಂದಿಗೇ ಮುಗಿಯಬೇಕಿತ್ತು.

ತಗ್ಗಿನ ಜಾಗಗಳಲ್ಲಿ ನಾವೇ ಏಕಿದ್ದೇವೆ? ಇದು ರಾಜಕೀಯ ಪ್ರಶ್ನೆ. ಎತ್ತರದ ಸೈಟಿನ ಬೆಲೆ ಕೊಡಲಾಗದವರು ತಗ್ಗಿಗೆ ಬರುತ್ತಾರೆ. ಕೆಲವೊಮ್ಮೆ ಬೆಲೆ ಕೊಡಬಲ್ಲವರಿಗೂ ಹೆಸರು ಕೇಳಿದ ಮೇಲೆ ಮನೆ ಸಿಗುವುದಿಲ್ಲ, ಅವರೂ ಇಲ್ಲಿಗೇ ಬರುತ್ತಾರೆ. ಮುಸ್ಲಿಮರು ಒಟ್ಟಾಗಿ ನೆಲೆಸಿರುವ ಬಡಾವಣೆಗಳಲ್ಲಿ ಮೂಲಸೌಕರ್ಯ ಹಿಂದುಳಿದಿದೆ ಎಂದು ಸಾಚಾರ್ ಸಮಿತಿ 2006ರಲ್ಲೇ ದೇಶದ ಮುಂದೆ ಹೇಳಿತ್ತು. ದಲಿತ ಕೇರಿಗಳ ಸ್ಥಿತಿ ಹೇಳಲು ಸಮಿತಿಯೂ ಬೇಕಿಲ್ಲ. ರಾಜಕಾಲುವೆಯನ್ನೂ ಕೆರೆಯಂಗಳವನ್ನೂ ಸೈಟು ಮಾಡಿ ಮಾರಿದವರು, ಅದಕ್ಕೆ ಕಣ್ಣು ಮುಚ್ಚಿ ಖಾತೆ ಮಾಡಿಕೊಟ್ಟವರು, ಚುನಾವಣೆಯಲ್ಲಿ ಚರಂಡಿ ಮಾಡಿಸುತ್ತೇವೆಂದು ಹೇಳಿ ಗೆದ್ದ ಮೇಲೆ ಸ್ವಾಗತ ಕಮಾನು ಮಾಡಿಸಿದವರು, ಇವರೆಲ್ಲರಿಂದ ಲೆಕ್ಕ ಕೇಳುವ ಹಕ್ಕು ನಮಗಿದೆ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದಾಗ ನಾವೂ ಸಂಭ್ರಮಿಸಿದ್ದೆವು. ಒಂದು ಊರು ಸ್ಮಾರ್ಟ್ ಹೌದೋ ಅಲ್ಲವೋ ಎಂಬುದನ್ನು ಅದರ ಅತ್ಯಂತ ತಗ್ಗಿನ ಮನೆಯ ಬಚ್ಚಲಿನಲ್ಲಿ ನಿಂತು ನೋಡಬೇಕು.

ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ಮನೆಗೆ ಹೋದರೆ ಈ ಸಭೆ ವ್ಯರ್ಥ. ಮನೆಯ ಮೇಲೆ ಮನೆ ಎಬ್ಬಿಸಿ ಗುಂಡಿಯನ್ನು ಮಾತ್ರ ಹಾಗೆಯೇ ಬಿಟ್ಟವರು ಯಾರು? ನಾವೇ. ಮದುವೆಗೆ ಸಾವಿರ ಜನರಿಗೆ ಬಿರಿಯಾನಿ ಹಾಕಿಸಿ, ಎರಡು ಮೂರು ವರ್ಷಕ್ಕೊಮ್ಮೆ ಗುಂಡಿಯ ಹೂಳು ತೆಗೆಸಲು ದುಡ್ಡಿಲ್ಲ ಎಂದವರು ಯಾರು? ರಾತ್ರಿ ಜೋರು ಮಳೆ ಬಂದಾಗ, ಯಾರೂ ನೋಡುವುದಿಲ್ಲವೆಂದು ಗುಂಡಿಯ ನೀರನ್ನು ಮೋಟಾರು ಹಚ್ಚಿ ರಸ್ತೆಯ ಚರಂಡಿಗೆ ಬಿಟ್ಟವರು ಯಾರು? ಜನ ನಡೆಯುವ ದಾರಿಯಲ್ಲಿ, ನೆರಳಿನಲ್ಲಿ, ನೀರಿನ ತಾಣದಲ್ಲಿ ಹೊಲಸು ಮಾಡುವುದು ಶಾಪಕ್ಕೆ ಈಡಾಗುವ ಕೆಲಸವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ ಎಂಬುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಬಯಲಿನಲ್ಲಿ ಕೂರುವ ಬಡವನಿಗೆ ಮಾತ್ರ ಅದು ಅನ್ವಯ, ನೆಲದಡಿಯಿಂದ ನೆರೆಯವನ ಬಾವಿಗೆ ಕಳುಹಿಸುವವನಿಗೆ ಅನ್ವಯವಲ್ಲ ಎಂದು ಯಾರು ಹೇಳಿದರು?

ಈ ಎಲ್ಲದರ ನಡುವೆ ನಾವು ಮರೆಯುವ ಒಬ್ಬ ಮನುಷ್ಯನಿದ್ದಾನೆ. ಯಂತ್ರದ ಪೈಪು ತಲುಪದ ಗಲ್ಲಿಯಲ್ಲಿ, ಮಳೆಗಾಲದ ತುರ್ತಿನಲ್ಲಿ, ಐನೂರೋ ಸಾವಿರವೋ ಕೊಟ್ಟು ಗುಂಡಿಗೆ ಇಳಿಸುವ ಮನುಷ್ಯ. ಮುಚ್ಚಿದ ಗುಂಡಿಯಲ್ಲಿ ಸೇರಿರುವ ವಿಷಾನಿಲಕ್ಕೆ ಮೊದಲು ಕೊಳೆತ ಮೊಟ್ಟೆಯ ವಾಸನೆಯಿರುತ್ತದೆ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಮಲ ಹೊರುವ ಪದ್ಧತಿ ಮತ್ತು ಇಂತಹ ಅಪಾಯದ ಶುಚಿ ಕೆಲಸಗಳನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಗುತ್ತಿಗೆದಾರನಿಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯ. ಸತ್ತವನ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ನಾಡಿನಲ್ಲಿ ಮಲ ಹೊರುವುದನ್ನು ನಿಲ್ಲಿಸಲು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಆಜ್ಞೆ ಹೊರಡಿಸಿದ್ದು 1970ರ ದಶಕದಲ್ಲಿ. ಹಾಗಿದ್ದೂ 2010ರಲ್ಲಿ ಸವಣೂರಿನ ಭಂಗಿ ಕುಟುಂಬಗಳು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ನಮ್ಮ ಮನೆಯ ಹೊಲಸಿಗಾಗಿ ಇನ್ನೊಬ್ಬರ ಮನೆಯ ಮಗ ಸಾಯುವುದಾದರೆ ನಮ್ಮ ಶುಚಿತ್ವಕ್ಕೆ ಏನರ್ಥ?

ಒಳಚರಂಡಿ ಬಂದರೆ ಎಲ್ಲ ಸರಿಯಾಗುತ್ತದೆ ಎಂಬ ಮಾತಿಗೆ ಬರೋಣ. ತಗ್ಗಿನ ಜಾಗಕ್ಕೆ ಒಳಚರಂಡಿಯೇ ಸರಿಯಾದ ದಾರಿ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ನೂರು ಗುಂಡಿಗಳನ್ನು ಸರಿಪಡಿಸುವುದಕ್ಕಿಂತ ಒಂದು ಪೈಪು ಹಾಕುವುದು ಮೇಲು. ಆದರೆ ಪೈಪು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ಭಟ್ಕಳವೂ ಸೇರಿದಂತೆ ಹತ್ತು ಪಟ್ಟಣಗಳಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ, 1999ರಲ್ಲಿ ಮಂಜೂರಾದ ದೊಡ್ಡ ಯೋಜನೆ ಬಂತು. ಮುಂದೆ ಆದದ್ದೇನು? ಭಟ್ಕಳದ ತಗ್ಗಿನ ಭಾಗವಾದ ಗೌಸಿಯಾ ಸ್ಟ್ರೀಟ್‌ನಲ್ಲಿ ಇಡೀ ಪಟ್ಟಣದ ಕೊಳಚೆ ಬಂದು ಸೇರುವ ಪಂಪಿಂಗ್ ಕೇಂದ್ರವಿದೆ. ಪಂಪು ನಿಂತಾಗ, ಮಳೆ ಹೆಚ್ಚಾದಾಗ ಅದು ಉಕ್ಕಿ ಶರಾಬಿ ಹೊಳೆಗೆ ಸೇರುತ್ತದೆ, ಸುತ್ತಲಿನ ಬಾವಿಗಳು ಹಾಳಾಗಿವೆ ಎಂದು ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ದೂರಿದ್ದಾರೆ. ಮೊದಲು ಅವರವರ ಗುಂಡಿಯ ಕಾಟವಿತ್ತು. ಆಮೇಲೆ ಊರಿನ ಗುಂಡಿಯೇ ಅವರ ಮನೆ ಮುಂದೆ ಬಂತು. ನಮ್ಮಲ್ಲೂ ಅಷ್ಟೇ. ತುಮಕೂರಿನ ಕೊಳಚೆ ಹೋಗುವುದು ಭೀಮಸಂದ್ರಕ್ಕೆ. ಶುದ್ಧೀಕರಣ ಘಟಕವಿದ್ದರೂ ತಮ್ಮ ಕೆರೆ ಕೆಟ್ಟಿತು ಎಂಬ ಅಳಲು ಆ ಊರಿನವರದು. ಪೈಪು ಸಿಕ್ಕ ಸಂತೋಷದಲ್ಲಿ ನಾವು ಅವರನ್ನು ಮರೆತರೆ, ಗುಂಡಿಯ ಯಜಮಾನರು ನಮ್ಮ ಮುಂದೆ ಸೈಟಿನ ಪತ್ರ ಹರಡಿದಂತೆಯೇ ಆಗುತ್ತದೆ. ಹೀಗಾಗಿ ಪಾಲಿಕೆಗೆ ಕೊಡುವ ಮನವಿಯಲ್ಲಿ ಭೀಮಸಂದ್ರದ ಹೆಸರನ್ನೂ ಸೇರಿಸಬೇಕೆಂದು ನಮ್ಮ ಸಲಹೆ. ಅಲ್ಲಿಯವರನ್ನೂ ಕರೆಯೋಣ.

ಪೈಪು ಬರುವವರೆಗೆ ಗುಂಡಿಯಿಂದ ಹೀರಿದ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದೂ ಪ್ರಶ್ನೆಯೇ. ಟ್ಯಾಂಕರಿನವನಿಗೆ ದುಡ್ಡು ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತೆಂದು ತಿಳಿದಿದ್ದೇವೆ. ಅವನು ರಾತ್ರಿ ಅದನ್ನು ಯಾವ ಹಳ್ಳದಲ್ಲಿ ಸುರಿದ? ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲೇ ಇದಕ್ಕೆಂದು ಒಂದು ಘಟಕ ಆರಂಭವಾಯಿತು. ಗುಂಡಿಯ ಹೂಳನ್ನು ಅಲ್ಲಿ ಸಂಸ್ಕರಿಸಿ, ಒಣಗಿಸಿ, ಗೊಬ್ಬರ ಮಾಡಿದರು. ದೇವನಹಳ್ಳಿಯಂತಹ ಚಿಕ್ಕ ಪಟ್ಟಣಕ್ಕೆ ಸಾಧ್ಯವಾದದ್ದನ್ನು ಮೂರು ಲಕ್ಷ ಜನರಿದ್ದಾರೆಂದು 2011ರ ಜನಗಣತಿಯೇ ಹೇಳಿದ ನಮ್ಮ ನಗರದಲ್ಲಿ ಕೇಳುವುದು ದುರಾಸೆಯೇನಲ್ಲ.

ಈಗ ನಾವು ಮಾಡಬಹುದಾದ್ದು. ಯುವಕರು ಒಂದು ಪಟ್ಟಿ ತಯಾರಿಸಲು ಒಪ್ಪಿದ್ದಾರೆ. ಪ್ರತಿ ಮನೆಯ ಗುಂಡಿ ಎಲ್ಲಿದೆ, ಎಷ್ಟು ಜನರಿಗೆ, ತಳವಿದೆಯೋ ಇಲ್ಲವೋ, ಕೊನೆಯ ಸಲ ಯಾವಾಗ ತೆಗೆಸಿದ್ದು, ಹತ್ತಿರದ ಬಾವಿ ಅಥವಾ ಬೋರ್‌ವೆಲ್ ಎಷ್ಟು ಅಡಿ ದೂರ, ಒಳಚರಂಡಿಯ ಪೈಪು ರಸ್ತೆಯಲ್ಲಿದ್ದೂ ಮನೆಗೆ ಸಂಪರ್ಕ ಪಡೆಯದವರು ಯಾರು, ಇಷ್ಟೇ. ಹಿಂದೂ, ಮುಸ್ಲಿಂ, ಮನೆ ಮಾಲೀಕ, ಬಾಡಿಗೆದಾರ ಎಂಬ ಭೇದವಿಲ್ಲದೆ ಎಲ್ಲ ಮನೆಗಳದ್ದು, ಏಕೆಂದರೆ ನೆಲದಡಿಯ ನೀರು ಆ ಭೇದ ಮಾಡುವುದಿಲ್ಲ. ಇದನ್ನು ಯಾರ ಮೇಲೂ ದೂರು ಹಾಕಲು ಬಳಸುವುದಿಲ್ಲ ಎಂದು ಸಭೆಯ ಮುಂದೆ ಮಾತು ಕೊಡುತ್ತೇವೆ. ಬಾಡಿಗೆದಾರರು ಮಾಲೀಕರಿಗೆ ಹೆದರಿ ಸುಳ್ಳು ಹೇಳಬೇಕಾದ ಪ್ರಸಂಗ ಬಾರದಿರಲಿ, ಮಾಲೀಕರು ದೊಡ್ಡ ಮನಸ್ಸು ಮಾಡಬೇಕು. ಯಂತ್ರದ ಖರ್ಚು ಭರಿಸಲಾಗದ ಮನೆಗಳಿಗೆ ಒಂದು ನಿಧಿ ಇರಲಿ ಎಂದು ಒಬ್ಬ ಹಿರಿಯರು ಸೂಚಿಸಿದ್ದಾರೆ. ಅದನ್ನು ಸಮಿತಿಯವರು ಚರ್ಚಿಸಲಿ. ಮಳೆ ನಿಲ್ಲುವವರೆಗೆ ಕುಡಿಯುವ ನೀರನ್ನು ಕುದಿಸಿ ಆರಿಸಿಯೇ ಕುಡಿಯಿರಿ. ಬಿಸಿ ಮಾಡಿದರೆ ಸಾಲದು, ಗಳಗಳ ಕುದಿಯಬೇಕು.

ಕೊನೆಯದಾಗಿ, ಹಿಂದಿನ ಮೇಜಿನ ಮೇಲೆ ನೀರು ಪರೀಕ್ಷೆಯ ಸಣ್ಣ ಬಾಟಲಿಗಳಿವೆ. ಒಳಗೆ ಔಷಧಿ ಹಚ್ಚಿದ ಕಾಗದವಿದೆ, ಅದನ್ನು ಮುಟ್ಟಬೇಡಿ. ಗುರುತಿನವರೆಗೆ ನೀರು ತುಂಬಿ ಮುಚ್ಚಿ, ಮನೆಯ ಬೆಚ್ಚಗಿನ ಮೂಲೆಯಲ್ಲಿ ಒಂದೆರಡು ದಿನ ಇಡಿ. ನೀರು ಕಪ್ಪಾದರೆ ಆ ನೀರಿಗೆ ಹೊಲಸು ಸೇರಿರುವ ಸಂಭವವಿದೆ ಎಂದರ್ಥ. ಕಪ್ಪಾದ ಬಾಟಲಿಯನ್ನು ಎಸೆಯದೆ, ಮೇಲೆ ಮನೆ ನಂಬರು ಬರೆದು ಶುಕ್ರವಾರ ತನ್ನಿ. ತಾಯಂದಿರು ಮೊದಲು ತೆಗೆದುಕೊಳ್ಳಲಿ, ಪುರುಷರು ಸ್ವಲ್ಪ ಹಿಂದೆ ನಿಲ್ಲಿ. ಬಾವಿ ಇರುವ ಮನೆಯವರಿಗೆ ಎರಡು ಬಾಟಲಿ, ಒಂದು ಬಾವಿಗೆ, ಒಂದು ನಲ್ಲಿಗೆ.